ಇಂಡೋನೇಷ್ಯಾದ ದೆವ್ವವೂ ನಮ್ಮ ಲಕ್ಕಮ್ಮತ್ತೆಯೂ

ದೆವ್ವದ ಸಿನಿಮಾ ನೋಡುವಾಗ ನಾನು ಟಿವಿಯ ಸದ್ದನ್ನು ಪೂರ್ತಿ ಅಡಗಿಸಿಬಿಡುತ್ತೇನೆ. ಇದನ್ನು ಯಾರ ಹತ್ತಿರ ಹೇಳಿದರೂ ನಗುತ್ತಾರೆ. ನೀವೂ ನಗಿ, ನನಗೇನೂ ಬೇಜಾರಿಲ್ಲ. ಕಣ್ಣು ಮುಚ್ಚಿಕೊಂಡು ನೋಡುವವರಿದ್ದಾರೆ, ದಿಂಬು ಅಡ್ಡ ಹಿಡಿದು ನೋಡುವವರಿದ್ದಾರೆ, ನಮ್ಮ ಯಜಮಾನರ ಹಾಗೆ ಗೊರಕೆ ಹೊಡೆಯುತ್ತಾ ನೋಡುವವರೂ ಇದ್ದಾರೆ. ನಾನು ಕಿವಿ ಮುಚ್ಚುವ ಪೈಕಿ. ಕಣ್ಣಿಗೆ ಕಾಣುವ ದೆವ್ವವನ್ನು ಹೇಗೋ ಸುಧಾರಿಸಿಕೊಂಡೇನು. ಅದು ಬರುವುದಕ್ಕೆ ಮುಂಚೆ ಪಿಟೀಲು ಕುಯ್ಯುತ್ತಾರಲ್ಲ, ಅದನ್ನು ತಡೆಯುವುದು ನನ್ನ ಕೈಲಾಗದು.

ಮಗಳು ಸಿಂಚನಾಗೆ ಇದು ದೊಡ್ಡ ಅವಮಾನ. ಅವಳು ಬಿ.ಕಾಂ. ಓದುತ್ತಾಳೆ. ಓದುವುದಕ್ಕಿಂತ ಹೆಚ್ಚಾಗಿ ದೆವ್ವದ ಸಿನಿಮಾ ನೋಡುತ್ತಾಳೆ. ಕೊರಿಯಾ, ಥಾಯ್ಲೆಂಡ್, ಜಪಾನ್ ಎಂದು ಊರೂರಿನ ದೆವ್ವಗಳ ಪರಿಚಯ ಅವಳಿಗಿದೆ. “ಅಮ್ಮಾ, ಹಾರರ್‌ನ ಮ್ಯೂಟ್ ಮಾಡ್ಕೊಂಡು ನೋಡೋದು ಒಗ್ಗರಣೆ ಇಲ್ದೆ ಚಿತ್ರಾನ್ನ ತಿಂದಂಗೆ” ಎಂದು ರೇಗಿಸುತ್ತಾಳೆ. ನಾನು ಚಂದ್ರಾ ಲೇಔಟಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಪುಕ್ಕಲುತನವನ್ನು ಒಪ್ಪಿಕೊಳ್ಳುವುದಕ್ಕಿಂತ ಅದನ್ನೊಂದು ಸೂತ್ರ ಮಾಡಿಕೊಳ್ಳುವುದು ನಮ್ಮ ವೃತ್ತಿಯವರಿಗೆ ಸುಲಭ. ನನ್ನ ಸೂತ್ರ ಏನೆಂದರೆ, ಸದ್ದಿಲ್ಲದೆಯೂ ಹೆದರಿಸುವ ಸಿನಿಮಾ ಒಳ್ಳೆಯ ಸಿನಿಮಾ. ಸದ್ದಿದ್ದರೆ ಮಾತ್ರ ಹೆದರಿಸುವುದು ಬರೀ ಪಟಾಕಿ.

ಈ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಸಿನಿಮಾಗಳು ಫೇಲಾಗುತ್ತವೆ. ಅರ್ಧ ಪಾಸಾಗಿ ಅರ್ಧ ಫೇಲಾದ ಒಂದು ಸಿನಿಮಾದ ಬಗ್ಗೆ ಹೇಳಬೇಕೆಂದೇ ಇಷ್ಟು ಪೀಠಿಕೆ. ಅದು ಇಂಡೋನೇಷ್ಯಾದ್ದು. ಅದರ ಹೆಸರು ನನ್ನ ನಾಲಿಗೆಗೆ ಹತ್ತಲೇ ಇಲ್ಲ. ನಮ್ಮಮ್ಮ ಅದಕ್ಕೆ ‘ತಟ್ಟೆ ಪಿಚ್ಚರ್’ ಎಂದು ಹೆಸರಿಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಈಗ ಅದೇ ಚಾಲ್ತಿಯಲ್ಲಿದೆ.

ನಾವು ಅದನ್ನು ನೋಡಿದ್ದು ಹೆಗ್ಗನಹಳ್ಳಿಯ ನನ್ನ ತವರುಮನೆಯಲ್ಲಿ, ಕಳೆದ ವರ್ಷ ಪಕ್ಷದ ಹಬ್ಬಕ್ಕೆ ಮುಂಚಿನ ಒಂದು ಭಾನುವಾರ, ಮಟಮಟ ಮಧ್ಯಾಹ್ನ. ಹೆಗ್ಗನಹಳ್ಳಿ ಎಂದರೆ ಈಗ ಯಾರೂ ಹಳ್ಳಿಯನ್ನು ನೆನೆಸಿಕೊಳ್ಳುವುದಿಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಬಾಡಿಗೆ ಮನೆಗಳು ಒಂದರ ಹೆಗಲ ಮೇಲೊಂದು ಕೂತಿವೆ. ನಮ್ಮ ಮನೆಯಲ್ಲಿ ಕೆಳಗೆ ಅಪ್ಪ ಅಮ್ಮ, ಮೇಲೆ ತಮ್ಮನ ಸಂಸಾರ. ಅಪ್ಪ ಕ್ರಿಕೆಟ್ಟಿಗೆಂದು ಗೋಡೆಯಗಲದ ಟಿವಿ ತರಿಸಿಕೊಂಡಿದ್ದ. ಸಿಂಚನಾ ಅದನ್ನು ನೋಡಿದ್ದೇ ತಡ, “ತಾತಾ, ಇದ್ರಲ್ಲಿ ಮ್ಯಾಚ್ ನೋಡೋದು ವೇಸ್ಟ್” ಎನ್ನುತ್ತಾ ಫೋನಿನಿಂದ ಅದೇನೋ ಒತ್ತಿದಳು. ಟಿವಿಯಲ್ಲಿ ಇಂಡೋನೇಷ್ಯಾ ಬಂತು.

ಅಮ್ಮ ನೆಲದ ಮೇಲೆ ಕೂತು ಹಬ್ಬಕ್ಕೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಪ್ಪ ಪೇಪರ್ ಅಡ್ಡ ಹಿಡಿದು, ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಕೂತಿದ್ದ. ನಾನು ಎಂದಿನಂತೆ ರಿಮೋಟ್ ಕಿತ್ತುಕೊಂಡು ಸದ್ದು ಅಡಗಿಸಿದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಾದ್ದರಿಂದ ಕೆಳಗೆ ಬರುತ್ತಿದ್ದ ಅಕ್ಷರಗಳನ್ನು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಾಗಾಗಿ ಆ ಮನೆಯ ಗಂಡ, ಹೆಂಡತಿ, ಮಕ್ಕಳು, ನೆರೆಯವರು ಎಲ್ಲರೂ ಒಬ್ಬಳೇ ಗಣಿತದ ಟೀಚರಿನ ಗಂಟಲಿನಲ್ಲಿ ಮಾತಾಡಿದರು.

ಕಥೆ ಇಷ್ಟು. ಒಂದು ಸಣ್ಣ ಊರು, ಹಂಚಿನ ಮನೆ. ಗಂಡ, ಹೆಂಡತಿ, ಮಕ್ಕಳು. ದೊಡ್ಡ ಹುಡುಗಿ ಊಟಕ್ಕೆ ಮನೆಮಂದಿಯ ಲೆಕ್ಕಕ್ಕೆ ತಟ್ಟೆ ಜೋಡಿಸುತ್ತಾಳೆ, ತಿರುಗಿ ನೋಡಿದರೆ ಒಂದು ತಟ್ಟೆ ಹೆಚ್ಚಿರುತ್ತದೆ. ದಿನವೂ ಹೀಗೆಯೇ. ಈ ಸಿನಿಮಾದ ದೊಡ್ಡ ಗುಣ ಏನೆಂದರೆ, ಆ ಹೆಚ್ಚಿನ ತಟ್ಟೆಯನ್ನು ಕಂಡು ಯಾರೂ ಕಿರುಚುವುದಿಲ್ಲ. ಮೊದಲು ಒಬ್ಬರ ಮೇಲೊಬ್ಬರು ರೇಗುತ್ತಾರೆ. ‘ನೀನಾ ಇಟ್ಟಿದ್ದು?’ ‘ನಾನ್ಯಾಕಿಡ್ಲಿ?’ ಮನೆಯಲ್ಲಿ ಏನಾದರೊಂದು ಹೆಚ್ಚುಕಮ್ಮಿಯಾದರೆ ದೆವ್ವವನ್ನು ಅನುಮಾನಿಸುವ ಮುಂಚೆ ತಮ್ಮ ತಂಗಿಯರನ್ನು ಅನುಮಾನಿಸುತ್ತೇವಲ್ಲವೇ, ಥೇಟ್ ಹಾಗೆ. ಅಪ್ಪನಾದವನು ಮಾತ್ರ ಮಾತಾಡದೆ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆದು ಬೋರಲು ಹಾಕಿ ಬರುತ್ತಾನೆ. ಅದು ಯಾರ ತಟ್ಟೆ ಎಂದು ಅವನಿಗೆ ಗೊತ್ತಿದೆ ಎನ್ನುವುದು ಅವನ ಬೆನ್ನು ನೋಡಿದರೇ ತಿಳಿಯುತ್ತದೆ. ಆ ನಟನ ಹೆಸರು ನನಗೆ ಗೊತ್ತಿಲ್ಲ. ಬೆನ್ನಿನಲ್ಲಿ ಅಷ್ಟು ಚೆನ್ನಾಗಿ ಸುಳ್ಳು ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಆ ತಟ್ಟೆ ಅವನ ಮೊದಲ ಹೆಂಡತಿಯದು. ಆ ಮನೆಯಲ್ಲೇ ಬಾಳಿ, ಆ ಮನೆಯಲ್ಲೇ ಸತ್ತವಳು. ಅವಳದೊಂದು ಫೋಟೋವನ್ನೂ ಗೋಡೆಗೆ ಹಾಕಿಲ್ಲ. ಹಾಗೊಬ್ಬಳಿದ್ದಳು ಎಂದು ಮಕ್ಕಳಿಗೆ ಹೇಳಿಯೂ ಇಲ್ಲ. ಊಟದ ಹೊತ್ತಿಗೆ ಅವಳು ಬಂದು ಕೂರುತ್ತಾಳೆ. ಸುಮಾರು ಒಂದು ಗಂಟೆಯ ತನಕ ಅವಳ ಮುಖ ತೋರಿಸುವುದೇ ಇಲ್ಲ. ಚಾಪೆಯ ಸುಕ್ಕು ಸರಿಮಾಡುವ ಎರಡು ಕೈ ಮಾತ್ರ ಕಾಣುತ್ತವೆ. ನಾನು ಸದ್ದಿಲ್ಲದೆಯೂ ಹೆದರಿದೆ. ಸಿಂಚನಾ ಹೆದರಿ ನನ್ನ ತೋಳು ಹಿಡಿದುಕೊಂಡಳು. ಅಪ್ಪನ ಪೇಪರಿನ ಪುಟ ಬಹಳ ಹೊತ್ತಿನಿಂದ ತಿರುಗಿರಲಿಲ್ಲ.

ಅಮ್ಮ ಮಾತ್ರ ಹೆದರಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆ ಊದುತ್ತಾ ಕೇಳಿದಳು, “ಇವ್ರೂ ಪಕ್ಷ ಮಾಡ್ತಾರೇನೇ?”

“ಅಜ್ಜೀ, ಅದು ಘೋಸ್ಟು” ಎಂದಳು ಸಿಂಚನಾ.

“ನಂಗೊತ್ತಾಯ್ತದೆ ಸುಮ್ನಿರೇ. ಎಡೆ ಇಕ್ಕವ್ರೆ, ಸತ್ತೋಳು ಬಂದವ್ಳೆ. ಸರಿಯಾಗೇ ಐತಲ್ಲ. ಆದ್ರೆ ಇವ್ರು ಬಾಗ್ಲು ಹಾಕ್ಕೊಂಡು ಈಚೆಗೆ ಬರ್ಬೇಕಲ್ವಾ? ಒಳಗೇ ಕೂತವ್ರೆ, ಅದ್ಕೇ ಹೆದ್ರಿಕೆ. ಸತ್ತೋರು ಉಣ್ಣೋವಾಗ ಯಾರಾದ್ರೂ ಮಕ ನೋಡ್ತಾರಾ?”

ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಪಿತೃಪಕ್ಷ ಬಂದರೆ ಮನೆಯ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಫೋಟೋಗಳಿಗೆ ಹೂ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಏನೇನು ಇಷ್ಟವೋ ಎಲ್ಲ ಬಡಿಸುತ್ತಾರೆ. ನಮ್ಮ ತಾತನ ಎಲೆಯಲ್ಲಿ ಮಟನ್ನು, ಬೀಡಿ, ಕಾಲು ಬಾಟಲಿ ಬ್ರಾಂದಿ. ಅಜ್ಜಿಯ ಎಲೆಯಲ್ಲಿ ಕಜ್ಜಾಯ, ಎಲೆ ಅಡಿಕೆ, ಹೊಗೆಸೊಪ್ಪು. ಪಕ್ಕದಲ್ಲಿ ಹೊಸ ಸೀರೆ, ಪಂಚೆ. ಧೂಪ ಹಾಕಿ ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಂಡುಹೋಗಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕಾದು, ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಮಿಕ್ಕದ್ದು ನಮ್ಮ ಊಟ. ಇಂಥ ಮನೆಯಲ್ಲಿ ಹುಟ್ಟಿದವಳಿಗೆ, ಊಟಕ್ಕೆ ಬಂದ ಸತ್ತ ಹೆಂಗಸನ್ನು ಕಂಡು ಒಂದು ಸಂಸಾರವೇ ಹೆದರುವುದು ವಿಚಿತ್ರವಾಗಿ ಕಂಡರೆ ತಪ್ಪೇನಿದೆ?

ಇನ್ನೊಂದು ದೃಶ್ಯದಲ್ಲಿ ನೆರೆಹೊರೆಯವರೆಲ್ಲ ಬಂದು ಸಾಲಾಗಿ ಕೂತು ಪ್ರಾರ್ಥನೆ ಮಾಡಿ ಊಟ ಮಾಡಿದರು. ಅವರ ಕಡೆ ಸತ್ತವರ ಮನೆಯಲ್ಲಿ ಹಾಗೆ ಮಾಡುತ್ತಾರಂತೆ. ನಾನು ಅನುವಾದ ಮಾಡುವ ಮುಂಚೆಯೇ ಅಮ್ಮ, “ತಿಥಿ ಊಟ” ಎಂದಳು. ಆಮೇಲೆ ಬಡಿಸುತ್ತಿದ್ದ ಹುಡುಗನನ್ನು ನೋಡಿ, “ಅನ್ನ ಕಮ್ಮಿ ಆಕ್ತಾವ್ನೆ” ಎಂದು ತಪ್ಪು ಹುಡುಕಿದಳು. ಇಂಗ್ಲಿಷ್ ಗೊತ್ತಿದ್ದ ನಾನು ಅಕ್ಷರ ಓದುವುದರಲ್ಲೇ ಇದ್ದೆ. ಗೊತ್ತಿಲ್ಲದ ಅವಳು ಸಿನಿಮಾ ನೋಡಿದಳು.

ದೆವ್ವದ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಷ್ಟೇ ಧೈರ್ಯವಿದ್ದ ಇನ್ನೊಬ್ಬಳೆಂದರೆ ಲಕ್ಕಮ್ಮತ್ತೆ, ಅಪ್ಪನ ಅಕ್ಕ. ಅವಳನ್ನು ಉಲ್ಲಾಳದ ಕಡೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಒಂದು ಗಂಟು ಬಟ್ಟೆ ಹಿಡಿದು ತಿರುಗಿ ಬಂದಳಂತೆ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದವಳು ಸಾಯುವ ತನಕ ನಮ್ಮ ಮನೆಯಲ್ಲೇ ಇದ್ದಳು. ನನ್ನನ್ನೂ ತಮ್ಮನನ್ನೂ ಎತ್ತಿ ಆಡಿಸಿದವಳು ಅವಳೇ. ಅಮ್ಮ ಹೊಲದಿಂದ ಬರುವ ಹೊತ್ತಿಗೆ ನಮಗೆ ಸ್ನಾನ, ಊಟ ಎಲ್ಲ ಮುಗಿದಿರುತ್ತಿತ್ತು.

ನಾನು ಚಿಕ್ಕವಳಿದ್ದಾಗ ಬೆಂಗಳೂರಿನ ತುಂಬ ಒಂದು ಸುದ್ದಿ ಹಬ್ಬಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೆಣ್ಣುದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ವಾಪಸ್ಸು ಹೋಗುತ್ತದೆ ಎಂದು. ನಮ್ಮ ಬೀದಿಯ ಅಷ್ಟೂ ಬಾಗಿಲುಗಳ ಮೇಲೆ ಸುಣ್ಣದ ಅಕ್ಷರ ಎದ್ದವು. ನಾನೂ ಸೀಮೆಸುಣ್ಣ ಹಿಡಿದು ಹೋದರೆ ಅತ್ತೆ ಕಿತ್ತುಕೊಂಡು, “ಮನೆ ಬಾಗ್ಲಿಗೆ ಬಂದೋಳ್ನ ನಾಳೆ ಬಾ ಅನ್ನಕ್ಕೆ ಇದೇನು ಸರ್ಕಾರಿ ಆಫೀಸಾ? ಬಂದ್ರೆ ಬರ್ಲಿ ಬಿಡು, ಒಂದ್ ಚೊಂಬು ನೀರು ಕೊಟ್ಟು ಮಾತಾಡ್ಸುದ್ರಾಯ್ತು” ಎಂದಿದ್ದಳು. ಬೀದಿಯಲ್ಲಿ ನಮ್ಮದೊಂದೇ ಬಾಗಿಲು ಬೋಳಾಗಿತ್ತು. ಆ ವಾರವೆಲ್ಲ ನಾನು ಮುಸುಕು ಹೊದ್ದು ಅತ್ತೆಯ ಸೆರಗು ಹಿಡಿದು ಮಲಗಿದೆ. ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಶುರುವಾದದ್ದು ಆಗಲೇ ಇರಬೇಕು.

ಅಮ್ಮನಿಗೂ ಅತ್ತೆಗೂ ಎಣ್ಣೆ ಸೀಗೆಕಾಯಿ. ಒಂದೇ ಅಡುಗೆಮನೆ, ಒಂದೇ ಒಲೆ, ಮಾತಿಲ್ಲ. ಮಾತಿಲ್ಲ ಎಂದರೆ ಮಾತಿನ ಕೊರತೆಯೇನೂ ಇರಲಿಲ್ಲ, ಎಲ್ಲ ನನ್ನ ಮೂಲಕ ಹೋಗಬೇಕಿತ್ತು ಅಷ್ಟೆ. “ನಿಮ್ಮಮ್ಮಂಗೆ ಹೇಳು, ಸೊಪ್ಪನ್ನ ಹಂಗೆ ಹಿಂಡಬಾರ್ದು, ಸಾರ ಎಲ್ಲ ಹೊಂಟೋಯ್ತದೆ ಅಂತ.” “ನಿಮ್ಮತ್ತೆಗೆ ಹೇಳು, ನಮ್ಮಪ್ಪನ್ ಮನೇಲಿ ಹಿಂಗೇ ಹಿಂಡೋದು ಅಂತ.” ಇಬ್ಬರ ನಡುವೆ ಒಂದು ಮಾರು ದೂರ. ನಾನು ನಡುವೆ ನಿಂತು ಮುಖ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದೆ. ಒಂದು ದಿನ ನನಗೂ ಸಾಕಾಗಿ, ಅತ್ತೆ ಬೈದದ್ದನ್ನು ತಿದ್ದಿ, “ಅಮ್ಮಾ, ಅತ್ತೆ ಸಾರು ಚೆನ್ನಾಗೈತೆ ಅಂದ್ಲು” ಎಂದುಬಿಟ್ಟೆ. ಇಬ್ಬರೂ ಒಟ್ಟಿಗೇ ತಿರುಗಿ ನನ್ನನ್ನು ಬೈದರು. ಅವರಿಬ್ಬರೂ ಒಂದಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇರಲಿ, ಸಿನಿಮಾಕ್ಕೆ ಬರೋಣ. ಮೊದಲ ಒಂದು ಗಂಟೆಗೆ ನಾನು ಕಣ್ಣುಮುಚ್ಚಿ ಮಾರ್ಕ್ಸ್ ಕೊಟ್ಟುಬಿಡುತ್ತೇನೆ. ಆ ಅಕ್ಕತಂಗಿಯರ ಜಗಳ, ಬಾವಿಕಟ್ಟೆಯ ಮಬ್ಬು ಬೆಳಕು, ನೆರೆಯವರು ಮೊದಲ ಹೆಂಡತಿಯ ಸುದ್ದಿ ತೆಗೆದಾಗೆಲ್ಲ ಮಾತು ತೇಲಿಸುವ ಅಪ್ಪ, ಎಲ್ಲ ಸೊಗಸು. ಆಮೇಲೆ ಅದೇನಾಯಿತೋ, ನಿರ್ದೇಶಕನಿಗೆ ಧೈರ್ಯ ಸಾಲಲಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ಮುದುಕನೊಬ್ಬ ಮಾಟಗಾರ ಎಂದು ಗೊತ್ತಾಗುತ್ತದೆ. ಒಂದು ದೆವ್ವವಿದ್ದ ಕಡೆ ದೆವ್ವಗಳ ದಂಡೇ ಬರುತ್ತದೆ. ಮುದುಕ ನಿಂತಲ್ಲೇ ನಿಂತು ಎಲ್ಲವನ್ನೂ ಪಾಠದಂತೆ ವಿವರಿಸುತ್ತಾನೆ, ಆಮೇಲೆ ಬೆಂಕಿ. ಎರಡನೆಯ ಹೆಂಡತಿಯ ಪಾತ್ರಕ್ಕೆ ಅಳುವುದು ಬಿಟ್ಟರೆ ಕೆಲಸವೇ ಇಲ್ಲ. ಸದ್ದಿಲ್ಲದೆ ನೋಡಿದರೆ, ಗೋಡೆ ಹತ್ತುವ ದೆವ್ವಗಳು ಸುಣ್ಣ ಬಳಿಯಲು ಬಂದವರ ಹಾಗೆ ಕಾಣುತ್ತಿದ್ದವು. ಸಿಂಚನಾ ಸಿನಿಮಾದ ಮಾನ ಉಳಿಸಲು ರಿಮೋಟ್ ಕಿತ್ತುಕೊಂಡು ಸದ್ದು ಕೊಟ್ಟಳು. ಅಷ್ಟರಲ್ಲಿ ಅಮ್ಮನ ಜೊತೆ ಸುಲಿಯಲು ಕೂತಿದ್ದ ನಾನು ಬೆಳ್ಳುಳ್ಳಿ ಘಾಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡೆ.

ಲೆಕ್ಕದಲ್ಲಿ ಹೀಗಾಗುವುದುಂಟು. ಹುಡುಗ ಒಂದೊಂದೇ ಹೆಜ್ಜೆ ಸರಿಯಾಗಿ ಬರೆದುಕೊಂಡು ಬಂದಿರುತ್ತಾನೆ, ಕೊನೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದುಬಿಡುತ್ತಾನೆ. ಇದೂ ಹಾಗೆಯೇ. ತಪ್ಪು ಆ ಮನೆಯೊಳಗಿನದು. ಒಬ್ಬ ಹೆಂಗಸನ್ನು ಲೆಕ್ಕದಿಂದ ಬಿಟ್ಟವರು ಅವರು. ಅದನ್ನು ಎತ್ತಿ ಪಕ್ಕದ ಮನೆಯ ಮುದುಕನ ತಲೆಗೆ ಕಟ್ಟಿ, ಅವನನ್ನು ಸುಟ್ಟು, ಎಲ್ಲರೂ ತಬ್ಬಿಕೊಂಡು ಅತ್ತು ಮುಗಿಸಿದರು. ಅವಳ ಹೆಸರನ್ನು ಕಡೆಗೂ ಯಾರೂ ಹೇಳಲಿಲ್ಲ. ನಾನು ಇದನ್ನು ಸಿಂಚನಾಗೆ ವಿವರಿಸುತ್ತಿದ್ದೆ, ಅವಳು ಕ್ಲೈಮ್ಯಾಕ್ಸ್ ಸೂಪರ್ ಎಂದು ವಾದಿಸುತ್ತಿದ್ದಳು. ಅಷ್ಟರಲ್ಲಿ ಅಮ್ಮ ಬೆಳ್ಳುಳ್ಳಿಯ ಮೊರ ಪಕ್ಕಕ್ಕಿಟ್ಟು, ಅಪ್ಪನ ಪೇಪರಿನ ಕಡೆ ತಿರುಗಿ ಹೇಳಿದಳು.

“ಈ ಸಲ ನಿಮ್ಮಕ್ಕಂಗೂ ಒಂದು ಎಲೆ ಆಕನ.”

ಪೇಪರ್ ಕೆಳಗಿಳಿಯಿತು. “ಏನಂದೆ?”

“ಲಕ್ಕಮ್ಮಕ್ಕಂಗೆ ಎಡೆ ಇಕ್ಕನ ಅಂದೆ.”

“ತಲೆ ಕೆಟ್ಟೈತಾ ನಿಂಗೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಅವ್ಳಿಗೆ ಅವ್ಳ ಗಂಡನ್ ಮನೇಲಿ ಇಕ್ತಾರೆ.”

ಅತ್ತೆ ತೀರಿಕೊಂಡಾಗ ಉಲ್ಲಾಳದಿಂದ ಅವಳ ಮೈದುನನ ಮಗ ಬಂದಿದ್ದ. ಅಪ್ಪನೇ ಹೇಳಿಕಳಿಸಿದ್ದು. ಎಷ್ಟು ಕಾಲ ಇಲ್ಲಿದ್ದರೂ ಅವಳು ಆ ಮನೆಯ ಹೆಣ್ಣು, ಮಣ್ಣು ಮಾಡುವುದು ಅವರ ಹಕ್ಕು ಎಂದು. ಆ ಹುಡುಗ ಕಾರ್ಯ ಮುಗಿಸಿ, ತಿಥಿ ಮಾಡಿಕೊಟ್ಟು ಹೋದ. ಅಪ್ಪನ ಲೆಕ್ಕದಲ್ಲಿ ಅಲ್ಲಿಗೆ ಅಕ್ಕ ಅವಳ ಮನೆ ಸೇರಿದಳು. ಅವಳ ಫೋಟೋ ನಮ್ಮ ನಡುಮನೆಯಲ್ಲಿಲ್ಲ. ಪಕ್ಷದ ದಿನ ನಾವು ಅವಳ ಹೆಸರೆತ್ತುವುದಿಲ್ಲ. ನನಗೆ ಅದರಲ್ಲಿ ಏನೂ ವಿಚಿತ್ರವೆಂದು ಅನ್ನಿಸಿಯೇ ಇರಲಿಲ್ಲ ನೋಡಿ. ಪಕ್ಕದ ಮನೆಯ ಮುದುಕನಿಗೆ ಬೆಂಕಿ ಹಚ್ಚಿದ್ದು ತಪ್ಪು ಎಂದು ಅಷ್ಟು ಹೊತ್ತಿನಿಂದ ಭಾಷಣ ಬಿಗಿಯುತ್ತಿದ್ದವಳು ನಾನೇ.

“ಇಕ್ತಾ ಇಲ್ಲ” ಎಂದಳು ಅಮ್ಮ. “ಕೆಂಗೇರಿ ಛತ್ರದಲ್ಲಿ ಮದುವೆ ಆಯ್ತಲ್ಲ, ಅವತ್ತು ಆ ಮನೆ ಸೊಸೆ ಸಿಕ್ಕಿದ್ಲು. ಪಕ್ಕಪಕ್ಕದಲ್ಲೇ ಕೂತಿದ್ವಿ. ನಮ್ಮ ಲಕ್ಕಮ್ಮಕ್ಕಂಗೆ ಏನೇನ್ ಮಾಡಿಕ್ತೀರ ಅಂತ ಕೇಳ್ದೆ. ಆವಮ್ಮ ನನ್ ಮಕನೇ ನೋಡಿ, ‘ಅಯ್ಯೋ, ಅವ್ರು ನಿಮ್ಮನೇಲೇ ಬಾಳಿದೋರಲ್ವಾ ಆಂಟಿ, ನೀವೇ ಇಕ್ತೀರಾ ಅಂದ್ಕೊಂಡಿದ್ವಿ’ ಅಂದ್ಲು.”

ಅಪ್ಪ ಪೇಪರ್ ಮಡಚಿಟ್ಟ. ಆ ಮನೆಯವರು ಈ ಮನೆಯಲ್ಲಿ ಇಡುತ್ತಾರೆಂದು, ಈ ಮನೆಯವರು ಆ ಮನೆಯಲ್ಲಿ ಇಡುತ್ತಾರೆಂದು, ಅತ್ತೆ ಸತ್ತಾಗಿನಿಂದ ಒಂದು ವರ್ಷವೂ ಅವಳಿಗೆ ಎಲ್ಲೂ ಎಲೆ ಬಿದ್ದಿರಲಿಲ್ಲ. ಯಾರೂ ಕೆಟ್ಟವರಲ್ಲ. ಎಲ್ಲರೂ ಶಾಸ್ತ್ರ ಬಲ್ಲವರೇ. ಸಿನಿಮಾದ ದಂಡು ದೆವ್ವಗಳು ಹೆದರಿಸಲಾಗದ ನನ್ನನ್ನು ಆ ಛತ್ರದ ಮಾತು ಹೆದರಿಸಿತು.

“ನೀನ್ಯಾಕೆ ಇಷ್ಟು ದಿನ ಹೇಳ್ಲಿಲ್ಲ?” ಎಂದೆ.

“ಏನಂತ ಹೇಳ್ಲಿ? ನಾನು ನಿಮ್ಮತ್ತೆ ಕೂಡೆ ಆಡಿರೋ ಜಗಳಕ್ಕೆ ಲೆಕ್ಕ ಐತಾ? ಈಗ ಎಲೆ ಹಾಕನ ಅಂದ್ರೆ ಇವ್ಳೇನು ನಾಟಕ ಆಡ್ತಾಳೆ ಅಂತೀರ ಅಂತ ಸುಮ್ನಿದ್ದೆ. ಈ ಪಿಚ್ಚರ್‌ನಲ್ಲಿ ಆ ಹೆಂಗ್ಸು ತಟ್ಟೆ ಮುಂದೆ ಕೂತ್ಕತ್ತಾಳಲ್ಲ... ನನ್ ಕೈಲಿ ನೋಡಕ್ಕಾಗ್ಲಿಲ್ಲ ಕಣೇ.” ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳ್ಳುಳ್ಳಿ ಕೈ ತಾಗಿ ಇನ್ನಷ್ಟು ನೀರು ಬಂತು. ಅದಕ್ಕೊಮ್ಮೆ ಬೈದುಕೊಂಡಳು.

ಅಪ್ಪ ಎದ್ದು ನಿಂತ. “ಒಂದು ಹೆಣ್ಣಿಗೆ ಎಲ್ಡ್ ಕಡೆ ಎಡೆ ಇಲ್ಲ. ನಾಳೆ ಅವ್ರು ಇಕ್ಬೋದು. ನಮ್ಮಪ್ಪ ಮಾಡ್ದೇ ಇದ್ದಿದ್ದನ್ನ ನಾನು ಮಾಡಲ್ಲ. ಹಿರೀಕರು ಮುನಿಸ್ಕಂಡ್ರೆ ಯಾರ್ ನೋಡ್ಕಂತೀರಿ?” ಎಂದು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತ. ಅಪ್ಪನ ಬೆನ್ನನ್ನು ಅವತ್ತು ನಾನು ಸರಿಯಾಗಿ ನೋಡಿದೆ.

ನಾನು ಅವನ ಹಿಂದೆಯೇ ಹೋದೆ. ಕೋಪವಿತ್ತು, ಇಲ್ಲವೆನ್ನುವುದಿಲ್ಲ. “ಅಪ್ಪಾ, ನಾನೂ ಕೊಟ್ಟ ಹೆಣ್ಣೇ ಅಲ್ವಾ. ನಾಳೆ ನಾನೂ ಲೆಕ್ಕಕ್ಕಿಲ್ವಾ ಇಲ್ಲಿ?”

“ನಿಂಗೇನಾಗೈತೆ? ನಿಂಗೆ ಗಂಡನ ಮನೆ ಇಲ್ವಾ?”

“ಅವ್ರು ಪಕ್ಷಕ್ಕೆ ಹೋಟೆಲಿಂದ ತರಿಸ್ತಾರೆ. ನಂಗೆ ಆ ಮಟನ್ ಆಗಲ್ಲ.”

ಅಪ್ಪ ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. “ಬಿಡ್ತು ಅನ್ನು” ಎಂದು ಗದರಿದ. ಸಂಜೆ ನಾವು ಹೊರಟಾಗ ಹೋಗಿಬನ್ನಿ ಎಂದನೇ ಹೊರತು ಬೇರೆ ಮಾತಿಲ್ಲ. ಬಸ್ಸಿನಲ್ಲಿ ಸಿಂಚನಾ, “ಅಮ್ಮಾ, ನೀನು ಹೇಳಿದ್ದು ಕರೆಕ್ಟ್. ಕ್ಲೈಮ್ಯಾಕ್ಸ್ ಚೆನ್ನಾಗಿಲ್ಲ” ಎಂದಳು.

ಆ ವಾರ ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ ಅಪ್ಪ ಏನಂದ ಎಂದು ಕೇಳಿದೆ. “ಬಾಯೇ ಬಿಡಲ್ಲ ಕಣೇ, ಗೋಡೆಗಾದ್ರೂ ಮಾತಾಡ್ಬೋದು” ಎನ್ನುತ್ತಿದ್ದಳು. ನಾನು ಉಲ್ಲಾಳದವರಿಗೇ ಹೇಳಿ ಇಡಿಸೋಣವೇ ಎಂದರೆ, “ಬ್ಯಾಡ. ಅಲ್ಲಿಗೆ ಆವಮ್ಮ ಬದುಕಿದ್ದಾಗ್ಲೇ ಹೋಗ್ಲಿಲ್ಲ. ಸತ್ತ ಮ್ಯಾಲೆ ಹೋಗು ಅಂತ ಹೆಂಗೆ ಹೇಳದು?” ಎಂದಳು. ನಲವತ್ತು ದಾಟಿದ ಮೇಲೂ ನಾನು ಅಮ್ಮ ಅತ್ತೆಯರ ನಡುವಿನ ಟಪ್ಪಾಲು ಹೊರುತ್ತಿದ್ದೆ, ಈ ಸಲ ಒಬ್ಬರು ಮಾತ್ರ ಮೇಲೆ ಹೋಗಿದ್ದರು.

ಹಬ್ಬದ ದಿನ ಸಂಜೆ ನಾವು ಹೋಗುವಷ್ಟರಲ್ಲಿ ಅಡುಗೆ ಮುಗಿದಿತ್ತು. ತಮ್ಮ, ಅವನ ಹೆಂಡತಿ ಕೆಳಗೆ ಬಂದಿದ್ದರು. ತಾತ, ಅಜ್ಜಿ, ಚಿಕ್ಕ ವಯಸ್ಸಿನಲ್ಲೇ ಹೋದ ಚಿಕ್ಕಪ್ಪ, ಇಷ್ಟು ಜನರ ಫೋಟೋ, ಇಷ್ಟು ಜನರ ಎಲೆ. ಎಲ್ಲ ಬಡಿಸಿಯಾದ ಮೇಲೆ ಅಮ್ಮ ಅಡುಗೆಮನೆಯಿಂದ ಇನ್ನೊಂದು ಬಾಳೆಲೆ ತಂದು, ಸಾಲಿನ ತುದಿಯಲ್ಲಿ ಹಾಕಿದಳು. ಫೋಟೋ ಇರಲಿಲ್ಲ. ಎಲೆಯ ಮುಂದೆ ಒಂದು ಹಸಿರು ವಾಯಿಲ್ ಸೀರೆ ಇಟ್ಟಳು. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಬಡಿಸಿದಳು. ಸೊಪ್ಪನ್ನು ಹಿಂಡಿರಲಿಲ್ಲ, ಸಾರ ಎಲೆಯ ಮೇಲೆ ಹರಿಯುತ್ತಿತ್ತು. ನಾವೆಲ್ಲ ಅಪ್ಪನ ಮುಖ ನೋಡಿದೆವು. ಎಡೆಯ ಯಜಮಾನ ಅವನು. ಅವನು ಧೂಪ ಹಾಕದಿದ್ದರೆ ಅದು ಎಡೆಯಲ್ಲ, ಬರೀ ಒಂದು ಎಲೆ ಊಟ.

ಅಪ್ಪ ಧೂಪದ ಬಟ್ಟಲು ಹಿಡಿದು ತಾತನ ಎಲೆಯಿಂದ ಶುರುಮಾಡಿದ. ಅಜ್ಜಿಯದು, ಚಿಕ್ಕಪ್ಪನದು. ಕೊನೆಯ ಎಲೆಯ ಹತ್ತಿರ ನಿಂತ. ಹೊಗೆ ಒಂದೇ ಸಮನೆ ಏಳುತ್ತಿತ್ತು. ಸಿಂಚನಾ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಅವನು ಆ ಎಲೆಯ ಮುಂದೆಯೂ ಬಟ್ಟಲನ್ನು ಒಮ್ಮೆ ಸುತ್ತಿಸಿ, ಯಾರ ಮುಖವನ್ನೂ ನೋಡದೆ, “ನಡೀರಿ ಈಚೆಗೆ” ಎಂದ. ದನಿಯಲ್ಲಿ ಸಿಟ್ಟಿತ್ತೋ ಏನಿತ್ತೋ ನನಗೆ ತಿಳಿಯಲಿಲ್ಲ. ನಮ್ಮ ಕಾಟ ತಡೆಯಲಾರದೆ ಸುತ್ತಿಸಿದನೋ, ಒಪ್ಪಿ ಸುತ್ತಿಸಿದನೋ ಎಂಬ ಅನುಮಾನ ಅಮ್ಮನಿಗೂ ಇದ್ದಿರಬೇಕು, ಹೊರಗೆ ಬಂದವಳು ಅವನಿಂದ ದೂರವೇ ನಿಂತಳು.

ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ನಿಂತೆವು. ಬೀದಿಯಲ್ಲಿ ಬಾಡಿಗೆ ಮನೆಯ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಪಕ್ಕದ ಮನೆಯವರೂ ತಮ್ಮ ಬಾಗಿಲು ಹಾಕಿಕೊಂಡು ಹೊರಗೆ ನಿಂತಿದ್ದರು. ಆಚೆಯಿಂದ ಅವರ ಸೊಸೆ ಎಲ್ಲ ಆಯ್ತಾ ಆಂಟಿ ಎಂದು ಅಮ್ಮನನ್ನು ಕೇಳಿದಳು. ತಮ್ಮ ಹಸಿವು ಎಂದು ಗೊಣಗಿದ. ವಾಡಿಕೆಯಷ್ಟು ಹೊತ್ತಾಗಿತ್ತು. ಅಮ್ಮ ಹೋಗಿ ಬಾಗಿಲು ತಟ್ಟಿ, ಚಿಲಕಕ್ಕೆ ಕೈ ಹಾಕಿದಳು.

“ಒಸಿ ತಾಳೇ” ಎಂದ ಅಪ್ಪ.

ಅಮ್ಮ ತಿರುಗಿ ನೋಡಿದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಹಾಕಿದ್ದ ಬಾಗಿಲನ್ನೇ ನೋಡುತ್ತಿದ್ದ.

“ಎಲ್ರೂ ಉಂಡೆದ್ದ ಮೇಲಲ್ವಾ ನಮ್ಮಕ್ಕ ಕೂರೋದು. ಇನ್ನೊಂದ್ ಸ್ವಲ್ಪ ಹೊತ್ತು ಬಿಡು.”

ಅಮ್ಮ ಚಿಲಕದಿಂದ ಕೈ ತೆಗೆದಳು.